ವಿಷ್ಣುತೀರ್ಥರು ಬಿಚ್ಚಿದ ಕೆಂಪು ಚೀಟಿ

ಮೊದಲು ಸರಕು ನೋಡಿಬಿಡೋಣ. ಎತ್ತರ ಐದಡಿ ಮೂರಂಗುಲ. ತೂಕ, ಒದ್ದೆ ಪಂಚೆ ಸಮೇತ, ಐವತ್ತು ಕೆ.ಜಿ. ತಯಾರಾಗಿ ಎಪ್ಪತ್ತೆರಡು ವರ್ಷವಾಗಿದೆ, ಆದರೆ ತುಕ್ಕು ಹಿಡಿದಿಲ್ಲ. ಹಣೆಯಲ್ಲಿ ಗೋಪೀಚಂದನ, ಅದರ ನಡುವೆ ನೇರ ಕಪ್ಪು ಗೆರೆ, ಕೆಳಗೊಂದು ಅಕ್ಷತೆಯ ಚುಕ್ಕೆ. ಆ ಗೆರೆಯನ್ನು ಸ್ಕೇಲ್ ಇಟ್ಟು ನೋಡಿದರೂ ಅರ್ಧ ಮಿಲಿಮೀಟರ್ ಓರೆ ಸಿಗದು. ಕಿವಿ ಸ್ವಲ್ಪ ಮಂದ. ಬೇಡದ್ದನ್ನು ಕೇಳುವಾಗ ಹೆಚ್ಚು ಮಂದ. ಅಂಗಡಿಯಲ್ಲಿಟ್ಟರೆ ಬೇಗ ಮಾರಾಟವಾಗುವ ಮಾಲಲ್ಲ. ಕೊಂಡವರು ಮಾತ್ರ ಹಿಂದಿರುಗಿಸುವುದಿಲ್ಲ.

ಇವರು ವಿಷ್ಣುತೀರ್ಥ. ಮನೆತನ ನಾಲ್ಕು ತಲೆಮಾರಿನಿಂದ ಮದರಾಸಿನದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ದೇವರಮನೆಯಲ್ಲಿ ಸಂಸ್ಕೃತ, ಕಾರ್ಖಾನೆಯಲ್ಲಿ ಇಂಗ್ಲಿಷು. ಅಂಬತ್ತೂರಿನ ಒಂದು ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಇನ್‌ಸ್ಪೆಕ್ಟರ್ ಆಗಿದ್ದರು. ಹೊರಗಿನಿಂದ ಬಂದ ಬಿಡಿಭಾಗಗಳನ್ನು ಅಳೆದು, ಸರಿಯಿದ್ದರೆ ಸಹಿ, ಇಲ್ಲದಿದ್ದರೆ ಕೆಂಪು ಚೀಟಿ. ಆ ಹೊರಗಿನಿಂದ ಬರುವ ಬಿಡಿಭಾಗಗಳಲ್ಲಿ ನಟ್ಟು ಬೋಲ್ಟು ನನ್ನವು. ನನ್ನ ಹೆಸರು ಅಂದಾನಿ, ನಾಗಮಂಗಲದ ಕಡೆಯವನು, ಅಲ್ಲಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನನ್ನದೊಂದು ಅಂಗಡಿ.

ಮೊದಲ ಸಲ ನಾನು ಕಳಿಸಿದ ಎರಡು ಸಾವಿರ ಬೋಲ್ಟುಗಳಲ್ಲಿ ಅವರು ಇಪ್ಪತ್ತು ಎತ್ತಿ ನೋಡಿದರು. ನಾಲ್ಕು ಕೆಟ್ಟವು ಸಿಕ್ಕವು. ಕಂಪನಿಯ ಕಾನೂನಿನ ಪ್ರಕಾರ ಅಷ್ಟು ಸಾಕು, ಪೂರ್ತಿ ಲಾಟ್ ವಾಪಸ್ ಕಳಿಸಬಹುದು. ನಾನು ಸ್ವೀಟ್ ಡಬ್ಬಿ ಹಿಡಿದು ಓಡಿದೆ. ಅವರು ಡಬ್ಬಿಯನ್ನು ಮುಟ್ಟಲೇ ಇಲ್ಲ. ಹೊರಗೆ ಏನೂ ತಿನ್ನದ ಮನುಷ್ಯನಿಗೆ ಲಂಚ ಕೊಡುವುದು ಎಷ್ಟು ಕಷ್ಟ ಅಂತ ಅವತ್ತು ತಿಳಿಯಿತು.

"ಹಾಗಾದ್ರೆ ಪೂರ್ತಿ ರಿಜೆಕ್ಟಾ ಸಾರ್?" ಅಂದೆ.

"ಕೊಂಜ ಇರಿ," ಅಂದರು, 'ಸ್ವಲ್ಪ' ಅನ್ನುವುದಕ್ಕೆ ತಮಿಳು ಬೆರೆಸಿ. "ಇಪ್ಪತ್ತು ತಾನೇ ಅಳೆದಿರೋದು. ಮಿಕ್ಕಿದ್ದು ಏನು ತಪ್ಪು ಮಾಡಿದೆ?"

ಅವರ ಬಳಿ ಬಳೆಯಂಥ ಎರಡು ಗೇಜುಗಳಿದ್ದವು. ಒಂದು ಬೋಲ್ಟಿನ ಮೇಲೆ ಸಲೀಸಾಗಿ ಹತ್ತಬೇಕು, ಇನ್ನೊಂದು ಹತ್ತಲೇಬಾರದು. ಕುಳಿತರು. ಸಂಜೆಯ ಸೈರನ್ ಆಯಿತು, ಎಲ್ಲರೂ ಹೊರಟರು, ಇವರು ಏಳಲಿಲ್ಲ. ಒಂದೊಂದಕ್ಕೂ ಎರಡೂ ಬಳೆ ತೊಡಿಸಿ ನೋಡಿ, ಕೆಟ್ಟ ನೂರಾ ನಲವತ್ತಕ್ಕೆ ಕೆಂಪು ಚೀಟಿ ಕಟ್ಟಿ, ಉಳಿದದ್ದಕ್ಕೆ ಸಹಿ ಹಾಕಿದರು. "ಅಳೆಯದೆ ತಳ್ಳಿಬಿಡೋದು ಪಾಪ ಅಂದಾನಿ," ಅಂದರು. "ಅಳೆಯದೆ ಒಪ್ಕೊಳ್ಳೋದು ಅದಕ್ಕಿಂತ ಪಾಪ."

ಅವರು ನನ್ನನ್ನು ಇಪ್ಪತ್ತೈದು ವರ್ಷ 'ಸಪ್ಲೈಯರ್' ಅಂತಲೇ ಬೇರೆಯವರಿಗೆ ಪರಿಚಯಿಸಿದರು. ನಿವೃತ್ತರಾಗಿ ನನ್ನ ಒಂದು ಬೋಲ್ಟೂ ಅವರ ಕಣ್ಣಿಗೆ ಬೀಳದ ಕಾಲದಲ್ಲೂ ಅದೇ.

ನಿವೃತ್ತಿಯ ನಂತರ ಅವರು ಕೊರಟ್ಟೂರಿನ ತಮ್ಮ ಮನೆಯ ತಾರಸಿಯಲ್ಲಿ, ಅಂದರೆ ಮದರಾಸಿನವರ ಮೊಟ್ಟೈಮಾಡಿಯಲ್ಲಿ, ತಗಡಿನ ಚಪ್ಪರದ ಕೆಳಗೆ ಭಾನುವಾರದ ಪಾಠ ಶುರುಮಾಡಿದರು. ಹದಿನೈದು ಇಪ್ಪತ್ತು ಜನ ಮಾಧ್ವರು ಬರುತ್ತಾರೆ. ಪಾಠದ ಸಾರ ಒಂದೇ: ಹರಿಯೇ ಸರ್ವೋತ್ತಮ. ಉಳಿದ ದೇವತೆಗಳೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಅವನ ಕೆಳಗೆ. ಯಾರು ಎಷ್ಟನೇ ಮೆಟ್ಟಿಲು ಎಂಬುದಕ್ಕೆ ಪಟ್ಟಿಯಿದೆ.

"ಆಚಾರ್ರೇ, ದೇವರಿಗೆ ನೀವು ಸೋಲ್ ಏಜೆಂಟಾ?" ಅಂತ ನಾನು ಕೆಣಕುವುದಿತ್ತು.

"ಏಜೆಂಟ್ ಅಲ್ಲ. ಕ್ಯಾಟಲಾಗ್ ಓದಿ ಹೇಳೋನು," ಅನ್ನುತ್ತಿದ್ದರು. "ನಿಮ್ಮ ಬೋಲ್ಟಿನ ಕ್ಯಾಟಲಾಗಿಗಿಂತ ಇದು ವಾಸಿ. ಇದರಲ್ಲಿ ಹೇಳಿರೋ ಸೈಜು ಸರಿಯಾಗಿರತ್ತೆ."

ಆ ತಾರಸಿಗೆ ನನ್ನ ಅವ್ವ ಹೋಗತೊಡಗಿದ್ದು ಹರಿಭಕ್ತಿಯಿಂದಲ್ಲ, ಕನ್ನಡದ ಹಸಿವಿನಿಂದ. ಅವ್ವನ ಹೆಸರು ಕರಿಯಮ್ಮ, ವಯಸ್ಸು ಎಂಬತ್ತರ ಮೇಲೆ. ಊರು ಬಿಟ್ಟು ನನ್ನ ಜೊತೆ ಇರಲು ಬಂದು ಮೂರು ವರ್ಷವಾಗಿತ್ತು. ಮೊಮ್ಮಕ್ಕಳಿಗೆ ಅವಳ ಮಾತು ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ. ಟಿವಿಯ ಕನ್ನಡ ತಿರುಗಿ ಮಾತಾಡುವುದಿಲ್ಲ. ವಿಷ್ಣುತೀರ್ಥರ ಮನೆ ಎರಡು ಬೀದಿ ಆಚೆ. ಒಂದು ಭಾನುವಾರ ಕರೆದುಕೊಂಡು ಹೋಗಿ ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆ.

ವಿಷ್ಣುತೀರ್ಥರ ಹೆಂಡತಿ ನೀರಜಮ್ಮ ಅವಳಿಗೆ ಕಾಫಿ ಕೊಟ್ಟರು. ಲೋಟ ಬೇರೆಯದೇ ಇತ್ತು. ನಾನು ನೋಡಿದೆ, ನಾನು ನೋಡಿದ್ದನ್ನು ಅವ್ವ ನೋಡಿದಳು. ಮೆಟ್ಟಿಲಿಳಿಯುವಾಗ ಅಂದಳು: "ಮೊಕ ಯಾಕ್ಲಾ ಊದಿಸ್ಕಂಡಿದೀಯ? ಲೋಟ ಬ್ಯಾರೆ ಆದ್ರೂ ಕಾಪಿ ಅದೇ ಕಣ್ಲಾ. ಮಾತಂತೂ ಪಾಯಸ."

ಎರಡು ವರ್ಷ ತಪ್ಪದೆ ಹೋದಳು. ನಮ್ಮೂರ ಮಾರಮ್ಮನಿಗೆ ಪಟ್ಟಿಯಲ್ಲಿ ಎಷ್ಟನೇ ಮೆಟ್ಟಿಲು ಅಂತ ತುಂಬಿದ ಸಭೆಯಲ್ಲಿ ಕೇಳಿದಳಂತೆ. ತೀರಾ ಕೆಳಗೆ ಎಂದು ವಿಷ್ಣುತೀರ್ಥರು ಮುಲಾಜಿಲ್ಲದೆ ಹೇಳಿದರಂತೆ. "ಅದಕ್ಕೇನಂತೆ, ಅವಳಿಗೆ ನೆಲದ ಮೇಲೆ ಕೂತೇ ರೂಢಿ," ಅಂದಳಂತೆ ಅವ್ವ.

ಹೋದ ವರ್ಷ ಗಣೇಶನ ಹಬ್ಬ ಕಳೆದ ಮೇಲೆ ಒಂದು ಭಾನುವಾರ ಅವ್ವ ಹೋಗಲಿಲ್ಲ. ಮಂಡಿ ನೋವು ಅಂದಳು. ಮುಂದಿನ ವಾರವೂ ಮಂಡಿಯೇ. ಊಟ ಅರ್ಧವಾಯಿತು. ನನಗೆ ಅನುಮಾನ ಬಂದದ್ದು ಪಂಚೆಯ ವಿಷಯದಲ್ಲಿ.

ನಮ್ಮ ಕಡೆ ಪಿತೃಪಕ್ಷದಲ್ಲಿ ತೀರಿಕೊಂಡವರಿಗೆ ಎಡೆ ಇಡುತ್ತೇವೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಬಾಳೆಲೆಯಲ್ಲಿ ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆ ಇಟ್ಟು, ಬಾಗಿಲು ಮುಚ್ಚಿಕೊಂಡು ಹೊರಗೆ ನಿಲ್ಲುತ್ತೇವೆ. ಹಿರಿಯರು ಬಂದು ಉಂಡು ಹೋಗುತ್ತಾರೆ. ನಮ್ಮಪ್ಪ ತಿರುಮಲ ತೀರಿಕೊಂಡು ಹನ್ನೊಂದು ವರ್ಷ. ಪ್ರತಿ ವರ್ಷ ಪಕ್ಷ ಶುರುವಾಗುವ ಮೊದಲೇ ಅವ್ವ, "ಅಪ್ಪಂಗೆ ಪಂಚೆ ತಂದ್ಯಾ?" ಅಂತ ಜೀವ ತಿನ್ನುತ್ತಿದ್ದಳು. ಈ ಸಲ ಕೇಳಲೇ ಇಲ್ಲ. ನಾನೇ ತಂದು ಮುಂದಿಟ್ಟೆ.

"ವಾಪಸ್ ಕೊಟ್ಬುಡು," ಅಂದಳು.

"ಯಾಕವ್ವ, ಅಂಚು ಹಿಡಿಸಲಿಲ್ವಾ?"

"ಎಡೆ ಇಡಾದು ಬ್ಯಾಡ ಮಗ. ಅವರು ಬರಕ್ಕಾಗಕಿಲ್ಲ."

ಬಿಡಿಸಿ ಬಿಡಿಸಿ ಕೇಳಿದ ಮೇಲೆ ಹೊರಬಿತ್ತು. ಅವಳು ಕೊನೆಯ ಸಲ ಹೋದ ಭಾನುವಾರ ವಿಷ್ಣುತೀರ್ಥರು ಹರಿಯನ್ನು ದ್ವೇಷಿಸುವವರ ಗತಿ ಹೇಳಿದ್ದರು. ಅವರಿಗೆ ಒಂದು ಕತ್ತಲೆಯಿದೆ. ಹೊಕ್ಕವರು ಮತ್ತೆಂದೂ ಹೊರಗೆ ಬರುವುದಿಲ್ಲ. ದ್ವೇಷಿ ಅಂದರೆ ಯಾರು? ಅದಕ್ಕೊಂದು ಉದಾಹರಣೆಯನ್ನೂ ಕೊಟ್ಟರು: "ತಿರುಪತಿ ತನಕ ಹೋಗಿ, ಬೆಟ್ಟದ ಕೆಳಗೆ ನಿಂತು, ನಿನ್ನ ಮುಖ ನೋಡಲ್ಲ ಅಂತ ಬೆನ್ನು ತಿರುಗಿಸಿ ಬರೋನು ಇದಾನೆ ನೋಡಿ, ಅವನು!"

ನನ್ನಪ್ಪ ಮಾಡಿದ್ದು ಅದನ್ನೇ. ನಾನು ಹುಟ್ಟುವ ಮೊದಲು ಅವರಿಗೊಬ್ಬ ಮಗಳಿದ್ದಳು. ಜ್ವರ ಬಂದಾಗ ಅಪ್ಪ ತಿಮ್ಮಪ್ಪನಿಗೆ ಮುಡಿಪು ಕಟ್ಟಿದರು. ಮಗು ಉಳಿಯಲಿಲ್ಲ. ಅಪ್ಪ ತಿರುಪತಿ ತನಕ ಹೋಗಿ ಬೆಟ್ಟ ಹತ್ತದೆ ವಾಪಸ್ ಬಂದರು. ಸಾಯುವವರೆಗೂ ಆ ದೇವರ ಹೆಸರೆತ್ತಲಿಲ್ಲ, ಮಾರಮ್ಮನ ಗುಡಿ ಬಿಟ್ಟು ಬೇರೆ ಗುಡಿ ಹೊಗಲಿಲ್ಲ.

"ಆ ಕತ್ಲೆ ಒಳಗೇ ಇರೋರಿಗೆ ಉಣ್ಣಕ್ಕೆ ಬನ್ನಿ ಅಂತ ಎಲೆ ಹಾಕದಾ?" ಅಂದಳು ಅವ್ವ. "ವಾಸ್ನೆ ತೋರಿಸಿ ಹೊಟ್ಟೆ ಉರಿಸ್ದಂಗಲ್ವ?"

ನಾನು ಚಪ್ಪಲಿ ಮೆಟ್ಟಿಕೊಂಡು ಕೊರಟ್ಟೂರಿನ ಆ ಎರಡು ಬೀದಿ ದಾಟಿದೆ.

ನೀರಜಮ್ಮ ಮಜ್ಜಿಗೆ ತಂದರು. "ಚಾತುರ್ಮಾಸ್ಯದಲ್ಲಿ ಹಾಲು ಬಿಟ್ಟಿರೋ ತಿಂಗಳು, ಕಾಫಿ ಇಲ್ಲೆ. ಕೋಪ್ಸ್ಕೋಬೇಡಿ," ಅಂದರು.

"ಕೋಪ ಕಾಫಿಗಲ್ಲ ನೀರಜಮ್ಮ," ಅಂದು, ಜಗಲಿಯಲ್ಲಿ ತುಳಸಿ ಬಿಡಿಸುತ್ತಿದ್ದ ವಿಷ್ಣುತೀರ್ಥರ ಕಡೆ ತಿರುಗಿದೆ. ಅಪ್ಪನ ಕಥೆ ಹೇಳಿದೆ, ಅವ್ವ ಎಡೆ ಬೇಡ ಅಂದದ್ದು ಹೇಳಿದೆ. ಅವರ ಕೈ ನಿಂತಿತು. ಆದರೆ ಮೊದಲು ಬಂದದ್ದು ಶಾಸ್ತ್ರವೇ.

"ಅದು ನಾನು ಮಾಡಿದ್ದಲ್ಲ ಅಂದಾನಿ. ಗ್ರಂಥದಲ್ಲಿದೆ."

"ತಿರುಪತಿ ಬೆಟ್ಟದ ಕೆಳಗೆ ನಿಂತೋನು ಗ್ರಂಥದಲ್ಲಿದಾನಾ?"

"ಅದು... ಉದಾಹರಣೆಗೆ ಹೇಳಿದ್ದು. ಕೇಳೋರಿಗೆ ಕೊಂಜ ಉಪ್ಪುಖಾರ ಬೇಕಲ್ಲ."

"ಆಚಾರ್ರೇ, ಬೆಟ್ಟದ ಕೆಳಗಿಂದ ವಾಪಸ್ ಬಂದೋರ ಲಾಟ್ ಪೂರ್ತಿ ರಿಜೆಕ್ಟ್ ಮಾಡ್ಬಿಟ್ರಿ. ಎಷ್ಟು ಪೀಸು ಅಳೆದ್ರಿ?"

ಗಿರಾಕಿಗೆ ಕೊನೆಯ ರೇಟು ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು. ಮೊದಲು ಮಾತಾಡಿದವನು ಸೋಲುತ್ತಾನೆ. ನಾನು ಮಜ್ಜಿಗೆ ಕುಡಿದೆ. ಅವರು ತುಳಸಿ ಬುಟ್ಟಿಯನ್ನೇ ನೋಡುತ್ತಿದ್ದರು. ಮೊದಲು ಮಾತಾಡಿದ್ದು ನೀರಜಮ್ಮ.

"ಅವತ್ತೇ ಅಂದೆ ನಾನು, ಆ ಉದಾಹರಣೆ ಬೇಕಿರಲಿಲ್ಲೆ ಅಂತ. ಇವರಿಗೆ ಕಿವಿ ಕೇಳಿಸಲಿಲ್ಲ."

ವಿಷ್ಣುತೀರ್ಥರು ಎದ್ದು ಶಲ್ಯ ಹೊದ್ದುಕೊಂಡರು. "ಅಮ್ಮ ಮನೇಲಿದಾರಾ?"

ಇಪ್ಪತ್ತೈದು ವರ್ಷದಲ್ಲಿ ಅವರು ನಮ್ಮ ಮನೆಗೆ ಬಂದದ್ದು ಅದೇ ಮೊದಲು. ನಮ್ಮ ಫ್ಲಾಟಿನ ಹಾಲಿನಲ್ಲಿ ಮರದ ಕುರ್ಚಿ ಹುಡುಕಿ ಕುಳಿತರು. ಅವ್ವ ಸೆರಗು ಸರಿಮಾಡಿಕೊಂಡು ಗೋಡೆಗೊರಗಿದಳು. ಸಮಾಧಾನಕ್ಕೆ ಒಂದು ಒಳ್ಳೆಯ ಸುಳ್ಳು ಹೇಳಿ ಎದ್ದು ಹೋಗುತ್ತಾರೆ ಅಂದುಕೊಂಡೆ; ವ್ಯಾಪಾರಿಯಾದ ನಾನು ಅಷ್ಟಕ್ಕೇ ಒಪ್ಪಿಬಿಡುತ್ತಿದ್ದೆ. ಅವರು ಇನ್‌ಸ್ಪೆಕ್ಷನ್ ಶುರುಮಾಡಿದರು.

"ಅಮ್ಮಾ, ಅವತ್ತು ನಡೆದದ್ದು ನನಗೆ ಸರಿಯಾಗಿ ಹೇಳಿ. ಬೆಟ್ಟದ ಕೆಳಗೆ ಏನು ಮಾಡಿದ್ರು?"

"ಹತ್ನಿಲ್ಲ. ಬಂದ್ಬುಟ್ರು."

"ಕಟ್ಟಿದ ಮುಡಿಪು?"

"ಮೊದಲನೇ ಮೆಟ್ಲ ಮ್ಯಾಲೆ ಮಡಗಿ ಬಂದ್ರು. ನಿಂದು ನಿಂಗೆ, ನಿನ್ ಮೊಕ ಮಾತ್ರ ನಂಗ್ ಬ್ಯಾಡ ಅಂದ್ರಂತೆ."

ಇದು ನನಗೂ ಗೊತ್ತಿರಲಿಲ್ಲ. ಅಪ್ಪ ಮುಡಿಪನ್ನು ದಾರಿಯಲ್ಲೇ ಬಿಚ್ಚಿ ಬಸ್ಸಿಗೆ ಖರ್ಚು ಮಾಡಿರಬೇಕು ಅಂದುಕೊಂಡಿದ್ದೆ. ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ.

ವಿಷ್ಣುತೀರ್ಥರು ಮುಂದಕ್ಕೆ ಬಾಗಿದರು. "ಮಗು ಉಳಿದಿರಲಿಲ್ಲ. ಕೊಡಬೇಕಾಗಿರಲಿಲ್ಲ. ಆದ್ರೂ ಅಷ್ಟು ದೂರ ಹೋಗಿ ಕೊಟ್ರು?"

"ಮಾತು ಅಂದ್ರೆ ಮಾತು ಅವರದು. ಹೆಸರು ಬ್ಯಾರೆ ತಿರುಮಲ. ಅಷ್ಟ್ ಸಿಟ್ಟಿದ್ರೆ ಹೆಸರೂ ಬದಲಾಯಿಸ್ಕಳಿ ಅಂದೆ. ರೇಷನ್ ಕಾರ್ಡಲ್ಲಿ ಐತೆ, ಸುಮ್ಕಿರು ಅಂದ್ರು."

ವಿಷ್ಣುತೀರ್ಥರ ಮುಖದಲ್ಲಿ ನಗು ಬಂದು ಹೋಯಿತು. "ದ್ವೇಷ ಇರೋನು ಮುಡಿಪು ತಲುಪಿಸಲ್ಲಮ್ಮಾ. ಇದು ಜಗಳ. ಮನೆಯವರ ಹತ್ರ ಆಡೋ ಜಗಳ."

"ನನ್ ಸಮಾಧಾನಕ್ಕೆ ಅಂತೀರಾ ಅಯ್ನೋರೆ?"

"ಇಲ್ಲ. ನಿಜ ಹೇಳ್ತೀನಿ. ಅವರು ಎಲ್ಲಿದಾರೆ ಅಂತ ನನಗೆ ಗೊತ್ತಿಲ್ಲ. ಕತ್ತಲೇಲಿ ಇಲ್ಲ ಅಂತ ಸಹಿ ಹಾಕಕ್ಕೂ ನನ್ನ ಹತ್ರ ಗೇಜಿಲ್ಲ. ಇದಾರೆ ಅಂತ ಚೀಟಿ ಕಟ್ಟಕ್ಕೂ ಇರಲಿಲ್ಲ. ಕಟ್ಟಿದೆ. ಅದು ನನ್ನ ತಪ್ಪು."

ಅವ್ವ, ಸಂತೆಯಲ್ಲಿ ಕೋಳಿಯ ರೆಕ್ಕೆ ಎತ್ತಿ ನೋಡುವ ದನಿಯಲ್ಲಿ ಕೇಳಿದಳು: "ಒಂದ್ ಮಾತು ಯೋಳಿ. ನಿಮ್ ದ್ಯಾವ್ರಿಗೆ ಏನಾರ ಕೊರತೆ ಐತಾ?"

"ಇಲ್ಲಮ್ಮಾ. ಗುಣಪೂರ್ಣ ಅಂತೀವಿ. ಎಲ್ಲ ಒಳ್ಳೇದೂ ತುಂಬಿರೋನು. ಒಂದು ದೋಷವೂ ಇಲ್ಲದೋನು."

"ಹಂಗಾದ್ರೆ ನಮ್ಮನೆಯೋರು ಬೆನ್ನು ತಿರುಗಿಸಿದ್ರಲ್ಲ, ಅದ್ರಿಂದ ಅವ್ನಿಗೇನು ಕಮ್ಮಿಯಾಯ್ತು?"

"ಏನೂ ಆಗಲ್ಲ."

"ಏನೂ ಕಮ್ಮಿ ಆಗ್ದೆ ಇದ್ರೆ ಹಗೆ ಯಾಕೆ ಸಾಧಿಸ್ತಾನೆ?"

"ಅವನು ಹಗೆ ಸಾಧಿಸಲ್ಲಮ್ಮಾ. ಜೀವದ ಸ್ವಭಾವ ಹೇಗೋ ಹಾಗೆ ಗತಿ ಅಂತ ಶಾಸ್ತ್ರ."

"ನಮ್ಮನೆಯೋರ ಸ್ವಬಾವ ಯಾರ್ ನೋಡವ್ರೆ?"

"ಅವನೊಬ್ಬನೇ."

"ನೀವು?"

"ನಾನು ನೋಡಿಲ್ಲ."

"ನಾನು ನೋಡಿವ್ನಿ," ಅಂದಳು ಅವ್ವ. "ಐವತ್ತೆರಡು ವರ್ಷ."

ನಾನು ವ್ಯಾಪಾರಕ್ಕಿಳಿದು ಮೂವತ್ತೈದು ವರ್ಷವಾಯಿತು. ಏನೂ ಕೊರತೆಯಿಲ್ಲದ ಗಿರಾಕಿಯನ್ನು ನಾನು ಕಂಡಿಲ್ಲ. ಕಂಡರೆ ಅಂಗಡಿ ಮುಚ್ಚಬೇಕಾಗುತ್ತದೆ. ಅಂಥವನಿಗೆ ಏನು ಮಾರುವುದು, ಯಾವ ಮಾತಿನಿಂದ ಹೆದರಿಸುವುದು? ಪೈಪೋಟಿಗೆ ಹೆದರುವುದು, ನನ್ನಂಗಡಿ ಬಿಟ್ಟು ಅಲ್ಲಿಗೇಕೆ ಹೋದೆ ಅಂತ ಮುಖ ತಿರುಗಿಸುವುದು, ಇವೆಲ್ಲ ನನ್ನಂಥ ಕೊರತೆಯುಳ್ಳವರ ಕೆಲಸ. ವಿಷ್ಣುತೀರ್ಥರ ದೇವರು ನಿಜಕ್ಕೂ ಅವರು ಹೇಳಿದಷ್ಟು ದೊಡ್ಡವನಾಗಿದ್ದರೆ, ನನ್ನಪ್ಪನ ಸಿಟ್ಟಿಗೆ ಅಲ್ಲಿ ಜಾಗವಿತ್ತು. ಇದನ್ನು ನಾನು ಬಾಯಿ ಬಿಟ್ಟು ಹೇಳಲಿಲ್ಲ. ಅವ್ವ ಆಗಲೇ ಕಡಿಮೆ ಮಾತಿನಲ್ಲಿ ಮುಗಿಸಿದ್ದಳು.

ಹೊರಡುವಾಗ ಬಾಳೆಹಣ್ಣು ಕೊಟ್ಟೆವು. ನಮ್ಮ ಮನೆಯ ನೀರನ್ನೂ ಮುಟ್ಟದವರು ಅದನ್ನು ತೆಗೆದುಕೊಂಡರು. ಸಿಪ್ಪೆ ಇದೆಯಲ್ಲ, ಮಡಿಗೆ ತೊಂದರೆಯಿಲ್ಲ.

ಬಾಗಿಲಲ್ಲಿ ನಿಂತು, "ಅಮ್ಮಾ, ಎಡೆ ಇಡಿ," ಅಂದರು. "ಇದನ್ನು ಇನ್‌ಸ್ಪೆಕ್ಟರ್ ಆಗಿ ಹೇಳ್ತಿಲ್ಲ."

"ನೀವು ಕಟ್ಟಿದ ಚೀಟಿ ನೀವೇ ಬಿಚ್ಚಿ. ಅಷ್ಟೂ ಜನದ ಮುಂದೆ ಕಟ್ಟಿದ್ರಿ. ಆಮೇಲ್ ನೋಡವಾ," ಅಂದಳು ಅವ್ವ. ಒಂದು ಬಾಳೆಹಣ್ಣಿಗೆ ವ್ಯಾಪಾರ ಕುದುರಿಸುವವಳಲ್ಲ ಅವಳು.

ಆ ಭಾನುವಾರ ನಾನೂ ಜೊತೆಗೆ ಹೋದೆ. ವಿಷ್ಣುತೀರ್ಥರು ಗ್ರಂಥ ತೆರೆಯುವ ಮೊದಲೇ ಹೇಳಿದರು: "ಎರಡು ಮೂರು ವಾರದ ಹಿಂದೆ ಒಂದು ಉದಾಹರಣೆ ಕೊಟ್ಟೆ. ಅದು ತಪ್ಪು. ದ್ವೇಷಿಗಳಿಗೆ ಕತ್ತಲೆ ಇದೆ ಅಂತ ಗ್ರಂಥ ಹೇಳತ್ತೆ, ನಾನು ನಂಬ್ತೀನಿ. ಯಾರು ದ್ವೇಷಿ ಅನ್ನೋ ಲಿಸ್ಟು ಗ್ರಂಥ ನನ್ನ ಕೈಗೆ ಕೊಟ್ಟಿಲ್ಲ. ನಾನೇ ಬರೆದೆ. ಹಿಂದೆ ಕೂತಿರೋ ಕರಿಯಮ್ಮನವರು ಕೇಳಿದ್ರು, ಕೊರತೆ ಇಲ್ಲದೋನಿಗೆ ಹಗೆ ಯಾಕೆ ಅಂತ. ಇಷ್ಟು ವರ್ಷದಿಂದ ಗುಣಪೂರ್ಣ ಗುಣಪೂರ್ಣ ಅಂತ ಹೇಳ್ತಿದೀನಿ, ಅದರ ಅರ್ಥ ನನಗೆ ಕೊಂಜ ಲೇಟಾಗಿ ಹತ್ತಿತು."

ಮುಂದಿನ ಸಾಲಿನ ಒಬ್ಬರು ಕೈಯೆತ್ತಿದರು. "ಹಾಗಾದ್ರೆ ಯಾರನ್ನ ಪೂಜೆ ಮಾಡಿದ್ರೂ ಒಂದೇ ಅಂತೀರಾ ಆಚಾರ್ರೇ?"

"ಅಯ್ಯಯ್ಯೋ, ಇಲ್ಲ! ಹರಿಯೇ ಸರ್ವೋತ್ತಮ," ಅಂದರು ಬೆಚ್ಚಿಬಿದ್ದು. "ಪಾಠಕ್ಕೆ ಬನ್ನಿ. ಪುಟ ತೆಗೀರಿ."

ಅವರು ಬದಲಾದದ್ದು ಅಷ್ಟೇ. ಜಾಸ್ತಿ ಹೇಳಿದರೆ ನನ್ನ ಮಾಲಿಗೂ ಕೆಂಪು ಚೀಟಿ ಬೀಳುತ್ತದೆ.

ಪಂಚೆಯನ್ನು ಅವ್ವ ವಾಪಸ್ ಮಾಡಿಸಲಿಲ್ಲ.

ಇನ್ನೊಂದು ಸಂಗತಿ ನೀರಜಮ್ಮ ಫೋನಿನಲ್ಲಿ ಹೇಳಿದ್ದು. ಪಕ್ಷದಲ್ಲಿ ವಿಷ್ಣುತೀರ್ಥರು ತಮ್ಮ ಹಿರಿಯರಿಗೆ ಶ್ರಾದ್ಧ ಮಾಡುತ್ತಾರೆ. ಅಪ್ಪ, ತಾತ, ಸೋದರಮಾವ ಎಂದು ಸಾಲಾಗಿ ಪಿಂಡ ಇಟ್ಟು, ಕೊನೆಗೆ ಗುರುಗಳಿಗೆ, ಬೇಕಾದವರಿಗೆ ಕೂಡ ಇಡುವ ಪದ್ಧತಿಯಿದೆ. ಈ ಸಲ ಕೊನೆಯಲ್ಲಿ, "ಇನ್ನೊಂದು. ತಿರುಮಲ," ಅಂದರಂತೆ. ಪುರೋಹಿತರು ಗೋತ್ರ ಕೇಳಿದರು. ಗೊತ್ತಿಲ್ಲ ಅಂದರು. ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಹೇಳುವುದು ರೂಢಿ, ಅದಾಯಿತು. ಸಂಬಂಧ ಏನು ಅಂತ ಕೇಳಿದರು.

"ಸಪ್ಲೈಯರ್ ಅಪ್ಪ ಅಂದ್ರಾ?" ಅಂತ ನಾನು ತಮಾಷೆ ಮಾಡಿದೆ.

"ಸ್ನೇಹಿತನ ತಂದೆ ಅಂದ್ರು," ಅಂದರು ನೀರಜಮ್ಮ.

ಅವ್ವನಿಗೆ ಹೇಳಿದೆ. ಖುಷಿಪಟ್ಟಳು, ಆದರೆ ಪೂರ್ತಿ ಒಪ್ಪಲಿಲ್ಲ. "ಅನ್ನದ ಉಂಡೆ ಅವರಿಗೆ ಎಲ್ಲಿ ಸಾಕಾಯ್ತದೆ? ಕೈಮ ಉಂಡೆ ಬೇಕು ಅವರಿಗೆ."

ಅಮಾವಾಸ್ಯೆಯ ಮಧ್ಯಾಹ್ನ ಎಡೆ ಇಟ್ಟೆವು. ಮುದ್ದೆ, ಕೊಚ್ಚಿದ ಮಾಂಸದ ಕೈಮ ಉಂಡೆ ಸಾರು, ಕಜ್ಜಾಯ, ಬೀಡಿ ಕಟ್ಟು, ಹೊಸ ಪಂಚೆ. ಧೂಪ ಹಾಕಿ, ಬಾಗಿಲು ಎಳೆದುಕೊಂಡು, ಮೂರನೇ ಮಹಡಿಯ ಮೆಟ್ಟಿಲ ಬಳಿ ಎಲ್ಲರೂ ನಿಂತೆವು. ಎದುರು ಫ್ಲಾಟಿನವರು ಬಾಗಿಲು ತೆರೆದು, "ಎನ್ನ ಸಾರ್, ಸಾವಿ ತೊಲಂಜಿಡುಚ್ಚಾ?" ಅಂದರು. ಬೀಗದಕೈ ಕಳೆದಿಲ್ಲ, ಒಳಗೆ ಅಪ್ಪ ಊಟ ಮಾಡ್ತಿದಾರೆ ಅಂತ ತಮಿಳಿನಲ್ಲಿ ಹೇಗೆ ಬಿಡಿಸಿ ಹೇಳುವುದೆಂದು ತಿಳಿಯದೆ ಸುಮ್ಮನೆ ನಕ್ಕೆ.

ಆಗ ಕೆಳಗಿನಿಂದ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ವಿಷ್ಣುತೀರ್ಥರು, ಶಲ್ಯ ಹೊದ್ದು, ಏದುಸಿರು ಬಿಡುತ್ತಾ ಬಂದರು. ಸಾರಿನ ವಾಸನೆ ಇಡೀ ಕಟ್ಟಡಕ್ಕೆ ಹಬ್ಬಿತ್ತು. ನಮಗಿಂತ ನಾಲ್ಕು ಮೆಟ್ಟಿಲು ಕೆಳಗೆ ನಿಂತುಕೊಂಡರು.

"ಒಳಗೆ ಬರಕ್ಕಾಗಲ್ಲಮ್ಮಾ. ತಪ್ಪು ತಿಳ್ಕೋಬೇಡಿ."

"ಈಗ ಯಾರೂ ಒಳಕ್ಕೆ ಹೋಗಂಗಿಲ್ಲ ಅಯ್ನೋರೆ. ನೀವೂ ನಾವೂ ಒಂದೇ," ಅಂದಳು ಅವ್ವ.

ಅವರು ಶಲ್ಯದ ತುದಿಯಿಂದ ಮೂಗು ಮುಚ್ಚಿಕೊಂಡಾರು ಅಂತ ನಾನು ಓರೆಗಣ್ಣಿನಿಂದ ನೋಡುತ್ತಿದ್ದೆ. ಮುಚ್ಚಿಕೊಳ್ಳಲಿಲ್ಲ. ಕೈ ಕಟ್ಟಿಕೊಂಡು, ನಮ್ಮಪ್ಪನ ಊಟ ಮುಗಿಯುವ ತನಕ ನಿಂತರು. ಆಮೇಲೆ ಅವ್ವ ಬಾಗಿಲು ಮೂರು ಸಲ ತಟ್ಟಿ ತೆರೆದು, ಇಣುಕಿ ನೋಡಿ, ಇತ್ತ ತಿರುಗಿದಳು.

"ಬಂದಿದ್ರು ಕಣ್ಲಾ. ಚೆನ್ನಾಗ್ ಉಂಡವ್ರೆ."

"ಶರಿ," ಅಂದರು ವಿಷ್ಣುತೀರ್ಥರು. ಆ ಎಲೆಯನ್ನು ಮಾತ್ರ ಅವರು ಅಳೆಯಲು ಹೋಗಲಿಲ್ಲ. ನಾವು ಕೊಟ್ಟ ಬಾಳೆಹಣ್ಣು ತೆಗೆದುಕೊಂಡು ಇಳಿದು ಹೋದರು.

ಈಗ ಅವ್ವ ಎಂದಿನಂತೆ ಭಾನುವಾರ ತಾರಸಿಗೆ ಹೋಗುತ್ತಾಳೆ, ಹೊಟ್ಟೆ ತುಂಬ ಉಣ್ಣುತ್ತಾಳೆ, ಅಪ್ಪನ ಬಗ್ಗೆ ಹೆದರಿಕೆಯಿಲ್ಲದೆ ಮಾತಾಡುತ್ತಾಳೆ. ಅದಕ್ಕಾಗಿ ನಾನು ವಿಷ್ಣುತೀರ್ಥರಿಗೆ ಋಣಿ.